ಬೈಬಲ್ ಪಾಠಗಳ ಗಣಕ ಸಂಕಲನ ಮತ್ತು ವಚನ ಸಮನ್ವಯ

ಒಂದೇ ಗ್ರಂಥದ ಹಲವು ಪಾಠಗಳನ್ನು ಎದುರುಬದುರಾಗಿ ಇರಿಸಿ ಪರಿಶೀಲಿಸುವುದು ಗ್ರಂಥಸಂಪಾದನೆಯ ಮೊದಲ ಕಾರ್ಯವೆಂಬುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಪ್ರತಿಗಳು ಐದೋ ಆರೋ ಇದ್ದಾಗ ಸಂಪಾದಕನು ಈ ಕಾರ್ಯವನ್ನು ಕಾಗದ ಲೇಖನಿಗಳ ನೆರವಿನಿಂದಲೇ ನೆರವೇರಿಸಬಲ್ಲನು. ಪ್ರತಿಗಳು ಸಾವಿರಗಟ್ಟಲೆಯಾಗಿ, ಭಾಷಾಂತರಗಳು ನೂರಾರು ಭಾಷೆಗಳಿಗೆ ಹಬ್ಬಿದಾಗ ಮನುಷ್ಯಪ್ರಯತ್ನವೊಂದೇ ಸಾಲದು. ಬೈಬಲ್ ಅಂತಹ ಒಂದು ಗ್ರಂಥ. ಅದರ ಹೊಸ ಒಡಂಬಡಿಕೆಯ ಗ್ರೀಕ್ ಹಸ್ತಪ್ರತಿಗಳೇ 5,000ಕ್ಕೂ ಮಿಕ್ಕಿವೆ. ಸಮಗ್ರ ಬೈಬಲ್ಲಿನ ಭಾಷಾಂತರವನ್ನು ಪಡೆದಿರುವ ಭಾಷೆಗಳು 700ಕ್ಕೂ ಹೆಚ್ಚು. ಈ ಪಾಠಗಳನ್ನು ಗಣಕಯಂತ್ರಕ್ಕೆ ಅಳವಡಿಸಿ, ವಚನಕ್ಕೆ ವಚನ ಎದುರಾಗಿ ನಿಲ್ಲುವಂತೆ ಒಂದು ದತ್ತಸಂಚಯದಲ್ಲಿ, ಎಂದರೆ ಡೇಟಾಬೇಸಿನಲ್ಲಿ, ಜೋಡಿಸುವ ಕಾರ್ಯ ಕಳೆದ ಕೆಲವು ದಶಕಗಳಲ್ಲಿ ಬಹಳ ಮುಂದುವರಿದಿದೆ. ಆ ಕಾರ್ಯದ ಸ್ವರೂಪವನ್ನೂ ಅದರಲ್ಲಿ ಎದುರಾಗುವ ತೊಡಕುಗಳನ್ನೂ ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

1. ಪೂರ್ವೇತಿಹಾಸ

ಪಾಠಗಳನ್ನು ಸಮಾನಾಂತರವಾಗಿ ನಿಲ್ಲಿಸುವ ಕ್ರಮ ಗಣಕಯಂತ್ರದಿಂದ ಹುಟ್ಟಿದ್ದಲ್ಲ. ಕ್ರಿ.ಶ. 3ನೆಯ ಶತಮಾನದಲ್ಲಿ ಆರಿಜನ್ ಎಂಬ ಪಂಡಿತನು ‘ಹೆಕ್ಸಪ್ಲ’ ಎಂಬ ಬೃಹತ್ಸಂಕಲನವನ್ನು ರಚಿಸಿದನು. ಇದರಲ್ಲಿ ಹಳೆಯ ಒಡಂಬಡಿಕೆಯ ಹೀಬ್ರೂ ಪಾಠ, ಗ್ರೀಕ್ ಅಕ್ಷರಗಳಲ್ಲಿ ಬರೆದ ಅದೇ ಹೀಬ್ರೂ ಪಾಠ, ಹಾಗೂ ಅಕ್ವಿಲ, ಸಿಮ್ಮಾಕಸ್, ಸೆಪ್ಟುಅಜಿಂಟ್, ಥಿಯೊಡೋಷನ್ ಎಂಬ ನಾಲ್ಕು ಗ್ರೀಕ್ ಭಾಷಾಂತರಗಳು ಹೀಗೆ ಆರು ಸ್ತಂಭಗಳಿದ್ದವು. ಹೀಬ್ರೂವಿನಲ್ಲಿಲ್ಲದೆ ಗ್ರೀಕಿನಲ್ಲಿ ಮಾತ್ರ ಇರುವ ಭಾಗಕ್ಕೆ ಒಂದು ಚಿಹ್ನೆಯನ್ನೂ, ಹೀಬ್ರೂವಿಗೆ ಅನುಸಾರವಾಗಿ ಗ್ರೀಕಿಗೆ ಸೇರಿಸಿದ ಭಾಗಕ್ಕೆ ನಕ್ಷತ್ರಾಕಾರದ ಇನ್ನೊಂದು ಚಿಹ್ನೆಯನ್ನೂ ಆತ ಬಳಸಿದನು. ಆದರೆ ಅನಂತರದ ಲಿಪಿಕಾರರು ಸೆಪ್ಟುಅಜಿಂಟ್ ಸ್ತಂಭವನ್ನು ಮಾತ್ರ ಪ್ರತಿಮಾಡುವಾಗ ಅನೇಕ ವೇಳೆ ಈ ಚಿಹ್ನೆಗಳನ್ನು ಕೈಬಿಟ್ಟರು. ಪರಿಣಾಮವಾಗಿ ಮೂಲ ಗ್ರೀಕ್ ಪಾಠವೂ ಸೇರಿಸಿದ ಪಾಠವೂ ಬೆರೆತುಹೋದವು. ಅವುಗಳನ್ನು ಬೇರ್ಪಡಿಸುವ ಕೆಲಸ ಇಂದಿನ ಸಂಪಾದಕರಿಗೂ ಕ್ಲೇಶಕರವಾಗಿಯೇ ಉಳಿದಿದೆ. ಪಾಠವನ್ನು ಉಳಿಸಿ ಪಾಠದ ಕುರಿತ ಸೂಚನೆಯನ್ನು ಕಳೆದರೆ ಏನಾಗುವುದೆಂಬುದಕ್ಕೆ ಇದಕ್ಕಿಂತ ಹಳೆಯ ನಿದರ್ಶನ ಬೇಕಿಲ್ಲ.

4ನೆಯ ಶತಮಾನದಲ್ಲಿ ಯೂಸಿಬಿಯಸನು ನಾಲ್ಕು ಸುವಾರ್ತೆಗಳಿಗೆ ಸಂಬಂಧಿಸಿದಂತೆ ಇನ್ನೊಂದು ಉಪಾಯವನ್ನು ಅನುಸರಿಸಿದನು. ಆತನ ಕ್ರಮದಲ್ಲಿ ಮತ್ತಾಯನ ಸುವಾರ್ತೆ 355, ಮಾರ್ಕನದು 233, ಲೂಕನದು 342, ಯೋಹಾನನದು 232 ಖಂಡಗಳಾಗಿ ವಿಭಾಗಗೊಂಡಿವೆ. ಈ ಖಂಡಸಂಖ್ಯೆಗಳನ್ನು ಹತ್ತು ಕೋಷ್ಟಕಗಳಲ್ಲಿ ಹೊಂದಿಸಿ, ಯಾವ ಸುವಾರ್ತೆಯ ಯಾವ ಖಂಡಕ್ಕೆ ಬೇರೆಯದರ ಯಾವ ಖಂಡ ಸಮಾನವೆಂಬುದನ್ನು ಸೂಚಿಸಲಾಗಿದೆ. ಪಾಠವನ್ನು ಎಲ್ಲಿಯೂ ಕದಲಿಸದೆ, ಸಂಖ್ಯೆಗಳನ್ನು ಮಾತ್ರ ಪ್ರತ್ಯೇಕ ಕೋಷ್ಟಕದಲ್ಲಿ ಇರಿಸಿದ್ದು ಇಲ್ಲಿಯ ವೈಶಿಷ್ಟ್ಯ. ಇಂದಿನ ದತ್ತಸಂಚಯಗಳ ತಳಹದಿಯಲ್ಲಿರುವುದು ಇದೇ ತತ್ತ್ವ.

2. ಅಧ್ಯಾಯ ಮತ್ತು ವಚನಗಳ ವಿಭಾಗ

ಈಗ ರೂಢಿಯಲ್ಲಿರುವ ಅಧ್ಯಾಯವಿಭಾಗವನ್ನು 13ನೆಯ ಶತಮಾನದ ಆದಿಭಾಗದಲ್ಲಿ ಸ್ಟೀಫನ್ ಲ್ಯಾಂಗ್ಟನ್ ಎಂಬಾತನಿಗೆ ಸಾಮಾನ್ಯವಾಗಿ ಆರೋಪಿಸಲಾಗುತ್ತದೆ. ಹೊಸ ಒಡಂಬಡಿಕೆಯ ವಚನಸಂಖ್ಯೆಗಳಾದರೋ ಮುದ್ರಣಕಾರ ರಾಬರ್ಟ್ ಎಸ್ಟಿಯೆನ್ 1551ರಲ್ಲಿ ಪ್ರಕಟಿಸಿದ ಗ್ರೀಕ್ ಆವೃತ್ತಿಯಿಂದ ಬಂದವು. ಹೀಬ್ರೂ ಪಾಠದಲ್ಲಿ ವಚನಾಂತ್ಯವನ್ನು ಸೂಚಿಸುವ ಚಿಹ್ನೆ ಮುದ್ರಣಕ್ಕಿಂತ ಬಹು ಪೂರ್ವದಲ್ಲಿಯೇ ಇತ್ತು. ಮಸೊರೆಟರೆಂಬ ಪಾಠಸಂರಕ್ಷಕರು ಪ್ರತಿ ಗ್ರಂಥದ ಕೊನೆಯಲ್ಲಿ ವಚನಸಂಖ್ಯೆಯನ್ನು ನಮೂದಿಸುತ್ತಿದ್ದರು. ಯಾಜಕಕಾಂಡಕ್ಕೆ 859 ವಚನಗಳೆಂಬುದು ಅವರ ಲೆಕ್ಕ. ಭಾರತೀಯ ಹಸ್ತಪ್ರತಿಗಳ ಅಂತ್ಯದಲ್ಲಿ ಕಾಣಬರುವ ಗ್ರಂಥಾಗ್ರದ ಪ್ರಯೋಜನವೇ ಇದಕ್ಕೂ ಇತ್ತು. ಬರೆದದ್ದು ಪೂರ್ಣವೋ ನ್ಯೂನವೋ ಎಂಬುದನ್ನು ಎಣಿಕೆಯಿಂದ ತಿಳಿಯಬಹುದಾಗಿತ್ತು.

ಹೀಗೆ ಅಧ್ಯಾಯ ಒಂದು ಕಾಲದ್ದು, ವಚನಚಿಹ್ನೆ ಇನ್ನೊಂದು ಕಾಲದ್ದು, ಸಂಖ್ಯೆ ಮತ್ತೊಂದು ಕಾಲದ್ದು. ಮೂರೂ ಬೇರೆ ಬೇರೆ ಕೈಗಳಿಂದ ಬಂದುದರಿಂದ ‘ಇಂತಹ ಗ್ರಂಥ, ಇಂತಹ ಅಧ್ಯಾಯ, ಇಂತಹ ವಚನ’ ಎಂಬ ವಿಳಾಸವು ಎಲ್ಲ ಪರಂಪರೆಗಳಲ್ಲಿಯೂ ಒಂದೇ ಸ್ಥಳವನ್ನು ತೋರಿಸುವುದಿಲ್ಲ. ಗಣಕ ಸಂಕಲನದ ಮೊದಲ ತೊಡಕು ಇದೇ.

3. ಸಂಖ್ಯಾಭೇದದ ಪ್ರಕಾರಗಳು

ಸಂಖ್ಯಾಭೇದಗಳನ್ನು ಸ್ಥೂಲವಾಗಿ ನಾಲ್ಕು ಪ್ರಕಾರಗಳಾಗಿ ವಿಂಗಡಿಸಬಹುದು.

ಮೊದಲನೆಯದು ಅಧ್ಯಾಯದ ಮೇರೆಯಲ್ಲಿ ಆಗುವ ಭೇದ. ಇಂಗ್ಲಿಷ್ ಬೈಬಲ್ಲಿನಲ್ಲಿ ಆದಿಕಾಂಡದ 31ನೆಯ ಅಧ್ಯಾಯಕ್ಕೆ 55, 32ನೆಯದಕ್ಕೆ 32 ವಚನಗಳು. ಹೀಬ್ರೂವಿನಲ್ಲಿ ಇವು ಕ್ರಮವಾಗಿ 54 ಮತ್ತು 33. ಎರಡರ ಮೊತ್ತವೂ 87 ಆದುದರಿಂದ ಪಾಠದಲ್ಲಿ ಏನೂ ಲೋಪವಿಲ್ಲ. ಆದರೆ ಸಂಖ್ಯೆಯನ್ನೇ ನಂಬಿ ಜೋಡಿಸಿದರೆ 32ನೆಯ ಅಧ್ಯಾಯದ ಪ್ರತಿಯೊಂದು ವಚನವೂ ತನ್ನದಲ್ಲದ ಜೊತೆಯ ಎದುರಿಗೆ ನಿಲ್ಲುತ್ತದೆ. ಯೋವೇಲನ ಗ್ರಂಥಕ್ಕೆ ಇಂಗ್ಲಿಷಿನಲ್ಲಿ 3, ಹೀಬ್ರೂವಿನಲ್ಲಿ 4 ಅಧ್ಯಾಯಗಳು; ಮಲಾಕಿಯನ ಗ್ರಂಥಕ್ಕೆ ಇದಕ್ಕೆ ವಿಪರ್ಯಯವಾಗಿ ಇಂಗ್ಲಿಷಿನಲ್ಲಿ 4, ಹೀಬ್ರೂವಿನಲ್ಲಿ 3. ಮೊದಲನೆಯದರಲ್ಲಿ 73, ಎರಡನೆಯದರಲ್ಲಿ 55 ವಚನಗಳೆಂಬುದು ಎರಡು ಪರಂಪರೆಗಳಿಗೂ ಸಮ್ಮತ.

ಎರಡನೆಯದು ಶೀರ್ಷಿಕೆಯನ್ನು ಎಣಿಸುವ ಭೇದ. ಕೀರ್ತನೆಗಳಲ್ಲಿ ಅನೇಕಕ್ಕೆ ಕರ್ತೃ, ಸಂದರ್ಭ, ಗಾನವಿಧಾನಗಳನ್ನು ತಿಳಿಸುವ ಶೀರ್ಷಿಕೆಗಳಿವೆ. ಹೀಬ್ರೂ ಪರಂಪರೆ ಇವನ್ನು ವಚನಗಳ ಎಣಿಕೆಗೆ ಸೇರಿಸುತ್ತದೆ. ಇಂಗ್ಲಿಷ್ ಪರಂಪರೆ ಸೇರಿಸುವುದಿಲ್ಲ. ಆದಕಾರಣ 3ನೆಯ ಕೀರ್ತನೆ ಹೀಬ್ರೂವಿನಲ್ಲಿ 9, ಇಂಗ್ಲಿಷಿನಲ್ಲಿ 8 ವಚನಗಳದು. 51ನೆಯ ಕೀರ್ತನೆಯ ಶೀರ್ಷಿಕೆ ಎರಡು ವಚನಗಳಷ್ಟು ದೀರ್ಘವಾದುದರಿಂದ ಅಲ್ಲಿ 21 ಮತ್ತು 19 ಎಂಬ ಅಂತರ.

ಮೂರನೆಯದು ಕೀರ್ತನೆಗಳ ಕ್ರಮಸಂಖ್ಯೆಯಲ್ಲಿಯೇ ಇರುವ ಭೇದ. ಹೀಬ್ರೂವಿನ 9 ಮತ್ತು 10ನೆಯ ಕೀರ್ತನೆಗಳು ಗ್ರೀಕಿನಲ್ಲಿ ಒಂದೇ ಕೀರ್ತನೆ. ಅಲ್ಲಿಂದ ಮುಂದೆ ಗ್ರೀಕ್ ಸಂಖ್ಯೆ ಒಂದರಷ್ಟು ಹಿಂದೆ ಉಳಿಯುತ್ತದೆ. ಹೀಬ್ರೂವಿನ 114 ಮತ್ತು 115 ಗ್ರೀಕಿನಲ್ಲಿ ಒಂದಾಗುತ್ತವೆ. 116 ಎರಡಾಗಿ ಸೀಳುತ್ತದೆ. 147 ಪುನಃ ಎರಡಾಗಿ ಸೀಳುವುದರಿಂದ ಕೊನೆಯ ಮೂರು ಕೀರ್ತನೆಗಳಲ್ಲಿ ಸಂಖ್ಯೆಗಳು ಮತ್ತೆ ಕೂಡುತ್ತವೆ. ಎರಡು ಪರಂಪರೆಗಳಲ್ಲಿಯೂ ಮೊತ್ತ 150 ಆಗಿಯೇ ಇರುವುದರಿಂದ ಕೇವಲ ಮೊತ್ತವನ್ನು ಪರೀಕ್ಷಿಸುವ ಗಣಕಕ್ಕೆ ಈ ವ್ಯತ್ಯಾಸ ಗೋಚರಿಸುವುದೇ ಇಲ್ಲ.

ನಾಲ್ಕನೆಯದು ಪಾಠದ ಅನುಕ್ರಮವೇ ಬೇರೆಯಾಗಿರುವುದು. ಯೆರೆಮೀಯನ ಗ್ರಂಥದ ಗ್ರೀಕ್ ಪಾಠ ಹೀಬ್ರೂವಿಗಿಂತ ಗಣನೀಯವಾಗಿ ಹ್ರಸ್ವವಾಗಿದೆ; ಅಷ್ಟೇ ಅಲ್ಲದೆ ಹೀಬ್ರೂವಿನಲ್ಲಿ 46ರಿಂದ 51ನೆಯ ಅಧ್ಯಾಯಗಳಲ್ಲಿರುವ ಅನ್ಯಜನಾಂಗವಿಷಯಕ ವಾಣಿಗಳು ಗ್ರೀಕಿನಲ್ಲಿ 25ನೆಯ ಅಧ್ಯಾಯದ 13ನೆಯ ವಚನದ ಅನಂತರವೇ ಬರುತ್ತವೆ. ಇಲ್ಲಿ ಒಂದು ಪಾಠವನ್ನು ಇನ್ನೊಂದರ ಕ್ರಮಕ್ಕೆ ಎಳೆದು ತಂದರೆ ಜೋಡಣೆ ಸುಲಭವಾಗುವುದು ನಿಜ. ಆದರೆ ಎಳೆಯಲ್ಪಟ್ಟ ಪಾಠವು ತನ್ನ ಸ್ವರೂಪವನ್ನು ಕಳೆದುಕೊಳ್ಳುತ್ತದೆ. ಈ ಗ್ರಂಥದ ಒಂದು ಹ್ರಸ್ವ ಹೀಬ್ರೂ ಪಾಠವೂ ಇದ್ದಿತೆಂಬುದಕ್ಕೆ ಮೃತಸಮುದ್ರದ ಸಮೀಪದ ಕುಮ್ರಾನಿನಲ್ಲಿ ದೊರೆತ ತುಣುಕುಗಳು ಸಾಕ್ಷಿಯಾಗಿರುವಾಗ, ಗ್ರೀಕ್ ಕ್ರಮವನ್ನು ಅಪಕ್ರಮವೆಂದು ಭಾವಿಸಿ ಅಳಿಸುವುದು ಸಾಕ್ಷ್ಯನಾಶವೇ ಆದೀತು.

4. ದತ್ತಸಂಚಯದ ರಚನೆ

ಮೇಲ್ಕಂಡ ಭೇದಗಳಿಗೆ ವಿದ್ವಾಂಸರು ಕಂಡುಕೊಂಡ ಪರಿಹಾರ ಹೀಗಿದೆ. ಪ್ರತಿಯೊಂದು ಪಾಠವನ್ನೂ ಅದರ ಸ್ವಂತ ಸಂಖ್ಯಾಕ್ರಮದಲ್ಲಿಯೇ, ಯಾವ ಬದಲಾವಣೆಯೂ ಇಲ್ಲದೆ, ಸಂಗ್ರಹಿಸಲಾಗುತ್ತದೆ. ಗ್ರಂಥನಾಮಕ್ಕೆ ಮೂರಕ್ಷರದ ಒಂದು ಸಂಕೇತ, ಅಧ್ಯಾಯಕ್ಕೆ ಒಂದು ಗುರುತು, ವಚನಕ್ಕೆ ಒಂದು ಗುರುತು, ಖಂಡ ಅಥವಾ ಪದ್ಯಪಂಕ್ತಿಗೆ ಬೇರೊಂದು ಗುರುತು ಹೀಗೆ ಪಾಠದೊಳಗೆ ಚಿಹ್ನೆಗಳನ್ನು ಇಡುವ ‘ಯು.ಎಸ್.ಎಫ್.ಎಂ.’ ಎಂಬ ಕ್ರಮ ಭಾಷಾಂತರಕಾರರಲ್ಲಿ ವ್ಯಾಪಕವಾಗಿ ಬಳಕೆಯಲ್ಲಿದೆ. ಪಾಠಗಳ ಹೊರಗೆ, ಪ್ರತ್ಯೇಕವಾಗಿ, ಒಂದು ಸಂಖ್ಯಾಸಮನ್ವಯ ಕೋಷ್ಟಕವಿರುತ್ತದೆ. ಹೀಬ್ರೂ, ಸೆಪ್ಟುಅಜಿಂಟ್, ವಲ್ಗೇಟ್, ಇಂಗ್ಲಿಷ್, ರಷ್ಯನ್ ಮುಂತಾದ ಪರಂಪರೆಗಳ ಯಾವ ವಿಳಾಸ ಯಾವುದಕ್ಕೆ ಸಮವೆಂಬುದನ್ನು ಅದು ತಿಳಿಸುತ್ತದೆ. ಯೂಸಿಬಿಯಸನ ಹತ್ತು ಕೋಷ್ಟಕಗಳ ಆಧುನಿಕ ರೂಪವೇ ಇದು.

ತುಲನೆಯ ಅಗತ್ಯ ಬಿದ್ದಾಗ ಗಣಕವು ಈ ಕೋಷ್ಟಕವನ್ನು ಅನುಸರಿಸಿ ಸಾಲುಗಳನ್ನು ಜೋಡಿಸಿ ತೋರಿಸುತ್ತದೆ. ಭಾಷಾಶಾಸ್ತ್ರದ ಸಂಶೋಧನೆಗಾಗಿ ಸಿದ್ಧಪಡಿಸಿದ ಕೆಲವು ಸಂಕಲನಗಳಲ್ಲಿ ವಿಳಾಸಗಳ ಒಂದು ಪ್ರಮಾಣಪಟ್ಟಿ ಇದ್ದು, ಪ್ರತಿ ಭಾಷಾಂತರದ ಕಡತದಲ್ಲಿಯೂ ಅಷ್ಟೇ ಸಾಲುಗಳಿರುತ್ತವೆ. ಯಾವುದೇ ಎರಡು ಕಡತಗಳ ಒಂದೇ ಕ್ರಮಾಂಕದ ಸಾಲುಗಳು ಪರಸ್ಪರ ಸಮಾನವೆಂದು ಗ್ರಾಹ್ಯ. ಬೈಬಲ್ಲನ್ನು ಹೀಗೆ ಸಮಾನಾಂತರ ಭಾಷಾಸಂಗ್ರಹವಾಗಿ ಬಳಸುವ ಪ್ರಸ್ತಾಪವನ್ನು ಫಿಲಿಪ್ ರೆಸ್ನಿಕ್ ಮತ್ತು ಸಂಗಡಿಗರು 1999ರಲ್ಲಿ ಮಂಡಿಸಿದರು; 2015ರಲ್ಲಿ ಕ್ರಿಸ್ಟೊಡೌಲೊಪೌಲಸ್ ಮತ್ತು ಸ್ಟೀಡ್‌ಮನ್ 100 ಭಾಷೆಗಳ ಸಂಕಲನವನ್ನು ಪ್ರಕಟಿಸಿದರು.

ಹೀಬ್ರೂ ಮತ್ತು ಗ್ರೀಕ್ ಪಾಠಗಳನ್ನು ಪದಕ್ಕೆ ಪದ ಎದುರಿಸುವ ಕಾರ್ಯವನ್ನು ಪೆನ್ಸಿಲ್ವೇನಿಯಾದ ರಾಬರ್ಟ್ ಕ್ರಾಫ್ಟ್ ಮತ್ತು ಜೆರೂಸಲೇಮಿನ ಇಮ್ಯಾನುಯೆಲ್ ಟೋವ್ ಅವರ ನೇತೃತ್ವದ ಯೋಜನೆ 1980ರ ದಶಕದಲ್ಲಿ ಕೈಗೊಂಡಿತು. ಈ ಯೋಜನೆಯ ಒಂದು ಕ್ರಮ ವಿಶೇಷವಾಗಿ ಗಮನಾರ್ಹ. ಗ್ರೀಕ್ ಪದದ ಎದುರಿಗೆ ಉಪಲಬ್ಧ ಹೀಬ್ರೂ ಪಾಠದ ಪದವನ್ನು ಒಂದು ಸ್ತಂಭದಲ್ಲಿ ಇರಿಸಲಾಯಿತು. ಭಾಷಾಂತರಕಾರನ ಮುಂದಿದ್ದ ಹೀಬ್ರೂ ಪದ ಇದಲ್ಲದೆ ಬೇರೆಯಾಗಿದ್ದಿರಬೇಕೆಂದು ಸಂಪಾದಕರು ಊಹಿಸಿದೆಡೆ, ಆ ಊಹೆಯನ್ನು ಇನ್ನೊಂದು ಸ್ತಂಭದಲ್ಲಿ ಕೊಡಲಾಯಿತು. ಪ್ರತಿಯಲ್ಲಿರುವುದು ಒಂದು ಕಡೆ, ಸಂಪಾದಕನ ಅನುಮಾನ ಇನ್ನೊಂದು ಕಡೆ. ಅನುಮಾನ ತಪ್ಪೆಂದು ಮುಂದೆ ತೋರಿಬಂದರೂ ಸಾಕ್ಷ್ಯಕ್ಕೆ ಹಾನಿಯಿಲ್ಲ.

5. ಶೂನ್ಯಸ್ಥಾನದ ಅರ್ಥ

ದತ್ತಸಂಚಯದಲ್ಲಿ ಒಂದು ಮನೆ ಬರಿದಾಗಿದ್ದರೆ ಅದರ ಅರ್ಥವೇನು ಎಂಬ ಪ್ರಶ್ನೆ ಮೇಲುನೋಟಕ್ಕೆ ಸಣ್ಣದಾಗಿ ತೋರಿದರೂ ಇಡೀ ಕಾರ್ಯದ ಪ್ರಾಮಾಣ್ಯ ಅದನ್ನು ಅವಲಂಬಿಸಿದೆ. 4ನೆಯ ಶತಮಾನದ ವ್ಯಾಟಿಕಾನಸ್ ಎಂಬ ಗ್ರೀಕ್ ಪ್ರತಿಯನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಈ ಪ್ರತಿಯಲ್ಲಿ ಇಬ್ರಿಯರಿಗೆ ಬರೆದ ಪತ್ರಿಕೆಯ 9ನೆಯ ಅಧ್ಯಾಯದ 14ನೆಯ ವಚನದಿಂದ ಮುಂದಿನ ಮೂಲಪತ್ರಗಳು ನಷ್ಟವಾಗಿವೆ. ಆ ಭಾಗವನ್ನು 15ನೆಯ ಶತಮಾನದ ಹಸ್ತವೊಂದು ಬರೆದು ಸೇರಿಸಿದೆ. ಅದೇ ಪ್ರತಿಯಲ್ಲಿ ಮಾರ್ಕನ ಸುವಾರ್ತೆ 16ನೆಯ ಅಧ್ಯಾಯದ 8ನೆಯ ವಚನಕ್ಕೆ ಮುಗಿಯುತ್ತದೆ. 9ರಿಂದ 20ರವರೆಗಿನ ವಚನಗಳಿಲ್ಲ. ಇಲ್ಲಿ ಪತ್ರ ಹರಿದುಹೋಗಿಲ್ಲ. ಬರವಣಿಗೆ ನಿಂತ ಮೇಲೆ ಒಂದು ಸ್ತಂಭವನ್ನು ಲಿಪಿಕಾರನು ಖಾಲಿಯಾಗಿಯೇ ಬಿಟ್ಟಿದ್ದಾನೆ. ಅದಕ್ಕೆ ಕಾರಣವೇನೆಂಬ ವಿಷಯದಲ್ಲಿ ವಿದ್ವಾಂಸರಿಗೆ ಐಕಮತ್ಯವಿಲ್ಲ.

ಮೊದಲನೆಯದು ಪತ್ರಲೋಪ, ಎರಡನೆಯದು ಪಾಠಾಭಾವ. ಮೊದಲನೆಯದರಿಂದ ಆ ಪ್ರತಿಯ ಪಾಠ ಹೇಗಿತ್ತೆಂಬ ವಿಷಯದಲ್ಲಿ ಏನನ್ನೂ ಸಾಧಿಸಲಾಗದು. ಎರಡನೆಯದಾದರೋ ಪಾಠನಿರ್ಣಯದಲ್ಲಿ ಪ್ರಬಲ ಸಾಕ್ಷ್ಯ. ಎರಡನ್ನೂ ಒಂದೇ ಖಾಲಿ ಮನೆಯಿಂದ ಸೂಚಿಸಿದರೆ ನಷ್ಟವಾದ ಓಲೆಯೂ ಸಾಕ್ಷಿ ನುಡಿದಂತಾಗುತ್ತದೆ.

ಇವೆರಡರ ಜೊತೆಗೆ ಇನ್ನೂ ಮೂರು ಬಗೆಯ ಶೂನ್ಯಗಳಿವೆ. ಒಂದು, ಪರಂಪರೆಯಲ್ಲಿ ಸಂಖ್ಯೆ ಮಾತ್ರ ಉಳಿದಿರುವುದು: ಅಪೊಸ್ತಲರ ಕೃತ್ಯಗಳ 8ನೆಯ ಅಧ್ಯಾಯದ 37ನೆಯ ವಚನವೂ ಯೋಹಾನನ ಸುವಾರ್ತೆಯ 5ನೆಯ ಅಧ್ಯಾಯದ 4ನೆಯ ವಚನವೂ ಆಧುನಿಕ ವಿಮರ್ಶಾತ್ಮಕ ಆವೃತ್ತಿಗಳ ಮೂಲಪಾಠದಲ್ಲಿಲ್ಲ, ಆದರೆ ಎಸ್ಟಿಯೆನನ ಸಂಖ್ಯೆಗಳು ರೂಢವಾಗಿರುವುದರಿಂದ 36ರ ಮುಂದೆ 38 ಬರುತ್ತದೆ. ಎರಡು, ಭಾಷಾಂತರಕಾರನು ಎರಡು ಮೂರು ವಚನಗಳನ್ನು ಕೂಡಿಸಿ ಒಂದೇ ವಾಕ್ಯವಾಗಿ ಬರೆದಿರುವುದು. ಇಲ್ಲಿ ಮನೆ ಬರಿದಾದರೂ ಅರ್ಥ ಹಿಂದಿನ ಮನೆಯಲ್ಲಿದೆ. ಮೂರು, ಆ ಭಾಗ ಇನ್ನೂ ಭಾಷಾಂತರವಾಗಿಲ್ಲ ಅಥವಾ ಗಣಕಕ್ಕೆ ಏರಿಲ್ಲ. ಉತ್ತಮ ದತ್ತಸಂಚಯವು ಇವಕ್ಕೆಲ್ಲ ಪ್ರತ್ಯೇಕ ಸಂಕೇತಗಳನ್ನು ಕೊಡುತ್ತದೆ. ಕೂಡಿಸಿದ ವಚನಗಳಿಗೆ ‘ಹಿಂದಿನದರೊಡನೆ ಸೇರಿದೆ’ ಎಂಬ ವಿಶೇಷ ಗುರುತನ್ನು ಬಳಸುವ ರೂಢಿಯಿದೆ.

6. ಅಕ್ಷರಸಂಕೇತಗಳ ಸಮಸ್ಯೆ

ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಪದಗಳು ಗಣಕಕ್ಕೆ ಬೇರೆಯಾಗಿರಬಹುದು. ಯೂನಿಕೋಡ್ ಎಂಬ ಸಾರ್ವತ್ರಿಕ ಸಂಕೇತವ್ಯವಸ್ಥೆಯಲ್ಲಿ ಕನ್ನಡದ ಓಕಾರಚಿಹ್ನೆಯನ್ನು ಒಂದೇ ಸಂಕೇತದಿಂದಲೂ ಬರೆಯಬಹುದು. ಹ್ರಸ್ವ ಒಕಾರದ ಚಿಹ್ನೆ ಮತ್ತು ದೀರ್ಘಚಿಹ್ನೆ ಎಂಬ ಎರಡು ಸಂಕೇತಗಳಿಂದಲೂ ಬರೆಯಬಹುದು. ಆದುದರಿಂದ ‘ಯೋಹಾನ’ ಎಂಬ ಪದವನ್ನು ಎರಡು ಕಡತಗಳಲ್ಲಿ ಎರಡು ರೀತಿಯಾಗಿ ಬರೆದಿದ್ದರೆ, ಏಕರೂಪಗೊಳಿಸದ ಹೊರತು, ಗಣಕವು ಅವನ್ನು ಪಾಠಾಂತರವೆಂದೇ ಎಣಿಸುತ್ತದೆ. ಯೂನಿಕೋಡಿಗಿಂತ ಹಿಂದಿನ ಅಕ್ಷರವಿನ್ಯಾಸಗಳಲ್ಲಿ ಸಿದ್ಧವಾದ ಕನ್ನಡ ಕಡತಗಳಲ್ಲಿ ಇನ್ನೊಂದು ತೊಡಕಿದೆ. ಅವು ಉಚ್ಚಾರಣೆಯ ಕ್ರಮವನ್ನಲ್ಲದೆ ಅಕ್ಷರಗಳು ಕಾಣುವ ಕ್ರಮವನ್ನು ಅನುಸರಿಸುತ್ತವೆ. ಅರ್ಕಾವತ್ತು ವ್ಯಂಜನದ ಅನಂತರ ನಿಲ್ಲುತ್ತದೆ. ಪರಿವರ್ತಿಸುವಾಗ ಅದನ್ನು ಹಿಂದಕ್ಕೆ ಸರಿಸದಿದ್ದರೆ ಪದವೇ ಕೆಡುತ್ತದೆ.

ಆದರೆ ಏಕರೂಪಗೊಳಿಸುವಿಕೆಯೂ ಸರ್ವತ್ರ ನಿರಪಾಯವಲ್ಲ. ಮಸೊರೆಟಿಕ್ ಹೀಬ್ರೂವಿನಲ್ಲಿ ಯೆರೂಸಲೇಮ್ ಎಂಬ ಪದದ ಪ್ರಸಿದ್ಧ ರೂಪದಲ್ಲಿ ಒಂದೇ ವ್ಯಂಜನಕ್ಕೆ ಎರಡು ಸ್ವರಚಿಹ್ನೆಗಳಿವೆ. ಯೂನಿಕೋಡಿನ ನಿಯತಕ್ರಮಕ್ಕೆ ಒಳಪಡಿಸಿದಾಗ ಈ ಎರಡು ಚಿಹ್ನೆಗಳ ಪೌರ್ವಾಪರ್ಯ ತಿರುಗಿಬೀಳುತ್ತದೆ. ಅದನ್ನು ತಡೆಯಲು ನಡುವೆ ಕಣ್ಣಿಗೆ ಕಾಣದ ಒಂದು ವಿಶೇಷ ಸಂಕೇತವನ್ನು ಇಡಬೇಕಾಗುತ್ತದೆ. ಯಾಂತ್ರಿಕ ಶುದ್ಧೀಕರಣವು ಸಹ ಒಬ್ಬ ಲಿಪಿಕಾರನಂತೆಯೇ ಸ್ಖಾಲಿತ್ಯಕ್ಕೆ ಎಡೆಮಾಡಬಹುದೆಂಬುದು ಇದರಿಂದ ಸ್ಪಷ್ಟ.

7. ಭಾಷಾಂತರಗಳಲ್ಲಿ ವಚನ ಮತ್ತು ವಾಕ್ಯ

ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿದ್ದು ಕೈಗೊಂಡ ಕನ್ನಡ ಬೈಬಲ್ಲಿನ ಕಾರ್ಯ 1831ರಲ್ಲಿ ಪೂರ್ಣವಾಯಿತು. ಕನ್ನಡದಂತಹ ಭಾಷೆಗಳ ಜೋಡಣೆಯಲ್ಲಿ ಒಂದು ವಿಶೇಷ ಕಠಿಣತೆಯಿದೆ. ರೋಮಾಪುರದವರಿಗೆ ಬರೆದ ಪತ್ರಿಕೆಯ ಮೊದಲ 7 ವಚನಗಳು ಗ್ರೀಕಿನಲ್ಲಿ ಒಂದೇ ವಾಕ್ಯ. ಎಫೆಸದವರಿಗೆ ಬರೆದ ಪತ್ರಿಕೆಯ 1ನೆಯ ಅಧ್ಯಾಯದ 3ರಿಂದ 14ರವರೆಗಿನ ವಚನಗಳೂ ಹಾಗೆಯೇ. ಗ್ರೀಕಿನಲ್ಲಿ ಪ್ರಧಾನವಾಕ್ಯ ಮೊದಲು ಬಂದು ವಿಶೇಷಣವಾಕ್ಯಗಳು ಹಿಂದೆ ಹಿಂದೆ ಸಾಗಿ ಬರುತ್ತವೆ. ಕನ್ನಡದಲ್ಲಿ ವಿಶೇಷಣ ಮೊದಲು, ಕ್ರಿಯಾಪದ ಕೊನೆಗೆ. ಹೀಗಾಗಿ ಭಾಷಾಂತರಕಾರನು ಒಂದೋ ವಾಕ್ಯವನ್ನು ಒಡೆಯಬೇಕು, ಇಲ್ಲವೆ ವಚನಗಳನ್ನು ಕೂಡಿಸಿ ಅರ್ಥವನ್ನು ಹಿಂದುಮುಂದಾಗಿ ಹರಡಬೇಕು. ಎರಡನೆಯ ಪಕ್ಷದಲ್ಲಿ ವಚನದ ಮಟ್ಟದ ಜೋಡಣೆ ಸುಳ್ಳಾಗುವುದರಿಂದ ವಚನಸಮೂಹವನ್ನೇ ಒಂದು ಘಟಕವಾಗಿ ಪರಿಗಣಿಸಬೇಕು.

ವಚನಕ್ಕಿಂತ ಸೂಕ್ಷ್ಮವಾದ ಜೋಡಣೆಗೆ ಸಂಖ್ಯಾಶಾಸ್ತ್ರದ ನೆರವನ್ನು ಪಡೆಯಲಾಗುತ್ತದೆ. ದೀರ್ಘವಾಕ್ಯದ ಭಾಷಾಂತರ ಸಾಮಾನ್ಯವಾಗಿ ದೀರ್ಘವೇ ಆಗಿರುತ್ತದೆಂಬ ಸರಳ ನಿಯಮವನ್ನು ಆಧರಿಸಿ ಗೇಲ್ ಮತ್ತು ಚರ್ಚ್ ಎಂಬ ವಿದ್ವಾಂಸರು 1993ರಲ್ಲಿ ವಿಶದಪಡಿಸಿದ ವಿಧಾನ ಪ್ರಸಿದ್ಧವಾದುದು. ಒಂದು ಪದ ಬಂದ ವಚನಗಳಲ್ಲೆಲ್ಲ ಇನ್ನೊಂದು ಭಾಷೆಯ ಯಾವ ಪದ ಪುನಃ ಪುನಃ ಬರುವುದೋ ಅದನ್ನು ಸಮಾನಪದವೆಂದು ಊಹಿಸುವುದು ಇನ್ನೊಂದು ವಿಧಾನ. ಕನ್ನಡದಲ್ಲಿ ವಿಭಕ್ತಿಪ್ರತ್ಯಯಗಳು ಪದಕ್ಕೆ ಅಂಟಿಕೊಂಡು, ಸಂಧಿಯಿಂದ ಎರಡು ಪದಗಳು ಒಂದಾಗುವುದರಿಂದ, ಪದಚ್ಛೇದ ಮಾಡದೆ ಈ ಎಣಿಕೆ ಸಫಲವಾಗದು. ವ್ಯಾಕರಣಜ್ಞಾನಕ್ಕೆ ಯಂತ್ರವು ಬದಲಿಯಲ್ಲ.

8. ಶೋಧನವಿಧಾನ

ಹಸ್ತಪ್ರತಿಗಳನ್ನು ಗಣಕಕ್ಕೆ ಏರಿಸುವಾಗ ಒಂದು ಮುದ್ರಿತ ಪಾಠವನ್ನು ಮುಂದಿಟ್ಟುಕೊಂಡು, ಪ್ರತಿಯಲ್ಲಿ ಭಿನ್ನವಾಗಿರುವುದನ್ನು ಮಾತ್ರ ತಿದ್ದುವ ಪದ್ಧತಿಯುಂಟು. ಶ್ರಮ ಕಡಿಮೆಯಾದರೂ ಇದರಲ್ಲಿ ಒಂದು ಅಪಾಯವಿದೆ. ನಕಲುಗಾರನ ಕಣ್ಣಿಗೆ ಬೀಳದ ಭೇದವೆಲ್ಲ ಮುದ್ರಿತ ಪಾಠವಾಗಿಯೇ ಉಳಿಯುತ್ತದೆ. ಪ್ರತಿಯು ಹೇಳದ ಮಾತನ್ನು ಪ್ರತಿಯ ಹೆಸರಿನಲ್ಲಿ ದಾಖಲಿಸಿದಂತಾಗುತ್ತದೆ. ಇದನ್ನು ನಿವಾರಿಸಲು ಇಬ್ಬರು ಪರಸ್ಪರ ಸಂಪರ್ಕವಿಲ್ಲದೆ ಒಂದೇ ಪ್ರತಿಯನ್ನು ನಕಲು ಮಾಡುತ್ತಾರೆ. ಗಣಕವು ಎರಡು ನಕಲುಗಳ ಭೇದಗಳನ್ನು ಎತ್ತಿ ತೋರಿಸುತ್ತದೆ. ಮೂರನೆಯವರು ಮೂಲಪ್ರತಿಯನ್ನು ನೋಡಿ ನಿರ್ಣಯಿಸುತ್ತಾರೆ. ಇಬ್ಬರೂ ಒಂದೇ ಕಡೆ ಒಂದೇ ತಪ್ಪನ್ನು ಮಾಡುವ ಸಂಭವ ಸ್ವಲ್ಪವೇ. 1959ರಲ್ಲಿ ಕುರ್ಟ್ ಆಲಾಂಡ್ ಸ್ಥಾಪಿಸಿದ ಮ್ಯೂನ್‌ಸ್ಟರಿನ ಸಂಶೋಧನಸಂಸ್ಥೆ ಈ ಪದ್ಧತಿಯನ್ನು ಅನುಸರಿಸಿದೆ. 2009ರಲ್ಲಿ ಅಂತರಜಾಲದಲ್ಲಿ ಪೂರ್ಣವಾಗಿ ಲಭ್ಯವಾದ ಸಿನಾಯ್ಟಿಕಸ್ ಪ್ರತಿಯ ನಕಲಿನಲ್ಲಿ ಮೂಲಲಿಪಿಕಾರನ ಪಾಠವನ್ನೂ ಅನಂತರದ ತಿದ್ದುಗಾರರ ಪಾಠಗಳನ್ನೂ ಪ್ರತ್ಯೇಕವಾಗಿ ನಮೂದಿಸಲಾಗಿದೆ.

ಜೋಡಣೆ ಮುಗಿದ ಮೇಲೆ ನಡೆಸಬೇಕಾದ ಪರೀಕ್ಷೆಗಳು ಮುಖ್ಯವಾಗಿ ಮೂರು. ಪ್ರತಿ ಅಧ್ಯಾಯದ ವಚನಸಂಖ್ಯೆ ಆಯಾ ಪರಂಪರೆಯ ಲೆಕ್ಕಕ್ಕೆ ಸರಿಯೇ ಎಂದು ನೋಡುವುದು ಮೊದಲನೆಯದು. ವ್ಯಕ್ತಿನಾಮ, ಸ್ಥಳನಾಮ, ಸಂಖ್ಯಾವಾಚಕಗಳು ಎದುರುಬದುರು ಸಾಲುಗಳಲ್ಲಿ ಬರುತ್ತವೆಯೇ ಎಂದು ನೋಡುವುದು ಎರಡನೆಯದು. ಇವು ಭಾಷಾಂತರದಲ್ಲಿ ಬಹುಮಟ್ಟಿಗೆ ಸ್ಥಿರವಾಗಿ ಉಳಿಯುವುದರಿಂದ ಮೈಲಿಗಲ್ಲುಗಳಂತೆ ಸಹಾಯಕವಾಗುತ್ತವೆ. ಎದುರು ಸಾಲುಗಳ ದೈರ್ಘ್ಯದ ಪ್ರಮಾಣ ಎಲ್ಲಿಯಾದರೂ ಹಠಾತ್ತನೆ ವ್ಯತ್ಯಾಸಗೊಂಡಿದೆಯೇ ಎಂದು ಶೋಧಿಸುವುದು ಮೂರನೆಯದು. ಒಂದು ವಚನ ಜಾರಿದರೆ ಅಲ್ಲಿಂದ ಅಧ್ಯಾಯಾಂತ್ಯದವರೆಗೂ ಈ ಪ್ರಮಾಣ ಅಸ್ತವ್ಯಸ್ತವಾಗುತ್ತದೆ; ಆದಕಾರಣ ಸ್ಖಾಲಿತ್ಯದ ಆರಂಭಸ್ಥಾನವನ್ನು ಹುಡುಕುವುದು ಕಷ್ಟವಲ್ಲ.

9. ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ನಿಯಮಗಳು ನಿಷ್ಪನ್ನವಾಗುತ್ತವೆ. ಪಾಠವನ್ನೂ ಪಾಠದ ವಿಳಾಸವನ್ನೂ ಬೇರೆಬೇರೆಯಾಗಿ ಇರಿಸಬೇಕು. ಒಂದು ಪರಂಪರೆಯ ಸಂಖ್ಯಾಕ್ರಮವನ್ನು ತುಲನೆಯ ಸೌಕರ್ಯಕ್ಕಾಗಿ ಅಳತೆಗೋಲಾಗಿ ಬಳಸಬಹುದು. ಆದರೆ ಆ ಕಾರಣದಿಂದಲೇ ಅದು ಪ್ರಮಾಣಪಾಠವಾಗದು. ಪತ್ರಲೋಪಕ್ಕೂ ಪಾಠಾಭಾವಕ್ಕೂ ಒಂದೇ ಗುರುತನ್ನು ಬಳಸಬಾರದು. ಊಹೆಯನ್ನು ಸಾಕ್ಷ್ಯದ ಸ್ತಂಭದಲ್ಲಿ ಬರೆಯಬಾರದು. ಮಾಡಿದ ಪ್ರತಿಯೊಂದು ತಿದ್ದುಪಡಿಯೂ ಯಾರದು, ಎಂದಿನದು ಎಂಬುದು ದಾಖಲೆಯಲ್ಲಿರಬೇಕು.

ಇವು ಬೈಬಲ್ಲಿಗೆ ಮಾತ್ರ ಅನ್ವಯಿಸುವ ನಿಯಮಗಳಲ್ಲ. ಒಂದೇ ಸೂತ್ರಗ್ರಂಥವನ್ನು ಎರಡು ಪರಂಪರೆಗಳು ಭಿನ್ನಸಂಖ್ಯೆಯ ಸೂತ್ರಗಳಾಗಿ ಪಠಿಸುವೆಡೆಯಲ್ಲಿ, ಒಂದು ವ್ಯಾಖ್ಯಾನದಲ್ಲಿ ಮೂಲವೆನಿಸಿದ ಗಾಹೆ ಇನ್ನೊಂದರಲ್ಲಿ ಉದ್ಧೃತವೆನಿಸುವೆಡೆಯಲ್ಲಿ, ಓಲೆ ಮುರಿದೆಡೆಯನ್ನು ಅನಂತರದ ಲಿಪಿಕಾರನು ತನಗೆ ತೋರಿದಂತೆ ತುಂಬಿದೆಡೆಯಲ್ಲಿ ಇದೇ ಪ್ರಶ್ನೆಗಳು ಎದುರಾಗುತ್ತವೆ. ಓಲೆಗರಿಗಳ ಪಾಠಗಳನ್ನು ಗಣಕಕ್ಕೆ ಅಳವಡಿಸುವವರು ಸೂತ್ರಸಂಖ್ಯೆಯನ್ನು ಮೊದಲೇ ಏಕರೂಪಗೊಳಿಸಿ ಅನಂತರ ಪಾಠವನ್ನು ತುಂಬಿದರೆ, ಎರಡನೆಯ ಪರಂಪರೆಯ ವಿಭಾಗಕ್ರಮ ಯಾರ ಗಮನಕ್ಕೂ ಬಾರದೆ ಅಳಿದುಹೋಗುತ್ತದೆ. ಸಂಖ್ಯಾಸಮನ್ವಯದ ಕೋಷ್ಟಕವನ್ನು ಸಿದ್ಧಪಡಿಸಿ ಪರಿಷ್ಕರಿಸಬಲ್ಲವರು ಗಣಕವನ್ನು ಬಲ್ಲವರಷ್ಟೇ ಅಲ್ಲ, ಎರಡು ಪರಂಪರೆಗಳ ಪಾಠವನ್ನೂ ಬಲ್ಲ ಪಂಡಿತರು. ಆ ಕೋಷ್ಟಕವು ಪಾಠಗಳನ್ನು ಗಣಕಕ್ಕೆ ಏರಿಸುವ ಮೊದಲೇ ಅವರ ಕೈಯಿಂದ ಸಿದ್ಧವಾಗುವುದು ಯುಕ್ತ.